ಬಾಕ್ಸ್ ಮೇಲೆ 16 ಆಂಪಿಯರ್, ಒಳಗೆ ಕೂದಲೆಳೆ ತಂತಿ

ಫೋಕಸ್ ಆಯ್ತು. ಈ ಕಂದು ಕಲೆ ಕಾಣಿಸುತ್ತಿದೆಯಾ? ಎಕ್ಸ್‌ಟೆನ್ಷನ್ ಬಾಕ್ಸ್‌ನ ತುದಿಯ ಸಾಕೆಟ್. ಪ್ಲಾಸ್ಟಿಕ್ ಕರಗಿ ಉಬ್ಬಿದೆ. ರಜೆಗೆ ಬಂದಿರುವ ತಮ್ಮ ಇದಕ್ಕೇ ಕೆಟಲ್ ಹಾಕಿ ನೂಡಲ್ಸ್ ಮಾಡುತ್ತಿದ್ದ. ಸುಟ್ಟ ವಾಸನೆ ಬಂದಿದ್ದೇ ಅಮ್ಮ ಒಳಗಿನಿಂದ, "ಏನೋ ಅದು, ವೋಲ್ಟೇಜ್ ಜಾಸ್ತಿ ಬಂತೇನೋ?" ಅಂದರು.

ಪಾಪ, ವೋಲ್ಟೇಜ್ ಏನೂ ಮಾಡಿಲ್ಲ. ಗೋಡೆ ಸಾಕೆಟ್‌ನಲ್ಲಿ ಮೀಟರ್ ನೋಡಿ, 232 ವೋಲ್ಟ್. ನಮ್ಮಲ್ಲಿ ಲೆಕ್ಕಕ್ಕೆ 230, ಒಂದೆರಡು ಆಚೆ ಈಚೆ ಇದ್ದದ್ದೇ. ವೋಲ್ಟ್ ಅಂದರೆ ತಳ್ಳುವ ಒತ್ತಡ. ಆಂಪಿಯರ್ ಅಂದರೆ ಎಷ್ಟು ಕರೆಂಟ್ ಹರಿಯುತ್ತಿದೆ ಎಂಬ ಅಳತೆ. ಹರಿಯುವುದಕ್ಕೆ ತಂತಿ ಒಡ್ಡುವ ಅಡ್ಡಿ ಓಮ್. ವೋಲ್ಟನ್ನು ಓಮ್‌ನಿಂದ ಭಾಗಿಸಿದರೆ ಆಂಪಿಯರ್ ಸಿಗುತ್ತದೆ. ಜರ್ಮನಿಯಲ್ಲಿ ಮೇಷ್ಟ್ರಾಗಿದ್ದ ಗಿಯೋರ್ಗ್ ಓಮ್ 1827ರಲ್ಲಿ ಪ್ರಕಟಿಸಿದ್ದು ಇದನ್ನೇ.

ಈಗ ಕ್ಲ್ಯಾಂಪ್ ಮೀಟರ್, ತಂತಿಯನ್ನು ಸುತ್ತಿ ಹಿಡಿದು ಕರೆಂಟ್ ಅಳೆಯುವಂಥದ್ದು. ಇಡೀ ಕೇಬಲ್ಲಿಗೆ ಹಾಕಿದರೆ ಸೊನ್ನೆ ತೋರಿಸುತ್ತದೆ. ಮೀಟರ್ ಕೆಟ್ಟಿಲ್ಲ. ಒಂದು ತಂತಿಯಲ್ಲಿ ಹೋದ ಕರೆಂಟ್ ಪಕ್ಕದ ತಂತಿಯಲ್ಲೇ ವಾಪಸ್ ಬರುತ್ತದೆ, ಎರಡೂ ಸೇರಿದರೆ ಲೆಕ್ಕ ಚುಕ್ತಾ. ಅದಕ್ಕೇ ಪ್ಲಗ್ ಕಿತ್ತು, ಹೊರಗಿನ ಕವಚ ಬಿಡಿಸಿ, ಕರೆಂಟ್ ತರುವ ಫೇಸ್ ತಂತಿಯೊಂದನ್ನೇ ಹಿಡಿದಿದ್ದೇನೆ. ಕೆಟಲ್ ಆನ್. 6.3 ಆಂಪಿಯರ್. 1500 ವ್ಯಾಟ್ ಕೆಟಲ್ ಅಲ್ವಾ, ಸರಿಯಾಗೇ ಇದೆ. ವೋಲ್ಟ್, ಆಂಪಿಯರ್ ಗುಣಿಸಿದರೆ ವ್ಯಾಟ್.

ಈಗ ನೋಡಿ ತಮಾಷೆ. ಕೆಟಲ್ ಓಡುವಾಗ ಗೋಡೆಯಲ್ಲಿ 228 ವೋಲ್ಟ್, ಬಾಕ್ಸ್‌ನಲ್ಲಿ 223. ಮೂರು ಮೀಟರ್ ತಂತಿಯಲ್ಲಿ ಐದು ವೋಲ್ಟ್ ಎಲ್ಲಿ ಹೋಯಿತು? ಐದನ್ನು 6.3ರಿಂದ ಗುಣಿಸಿ, 31 ಚಿಲ್ಲರೆ ವ್ಯಾಟ್. ನನ್ನ ಸೋಲ್ಡರಿಂಗ್ ಐರನ್ನೇ 25 ವ್ಯಾಟ್! ಅದಕ್ಕಿಂತ ಜಾಸ್ತಿ ಶಾಖ ಈ ತಂತಿ ಮತ್ತು ಸಾಕೆಟ್ ಒಳಗೆ ಪಿನ್ ಹಿಡಿಯುವ ಸಡಿಲ ಲೋಹದ ಪತ್ತಿಯಲ್ಲೇ ಹುಟ್ಟುತ್ತಿದೆ. ಕರಗದೆ ಇನ್ನೇನಾಗುತ್ತದೆ?

ಬಿಚ್ಚಿದ್ದೇನೆ, ಹತ್ತಿರದಿಂದ ತೋರಿಸುತ್ತೇನೆ. ಮುಚ್ಚಳದ ಮೇಲೆ ದಪ್ಪ ಅಕ್ಷರದಲ್ಲಿ 16 ಎ, ಅಂದರೆ 16 ಆಂಪಿಯರ್ ತಡೆಯುತ್ತದಂತೆ. ಒಳಗೆ ಎಣಿಸಿದರೆ ಬೆರಳೆಣಿಕೆಯಷ್ಟು ಎಳೆ. ಉಗುರಿನಿಂದ ಕೆರೆದರೆ ತಾಮ್ರದ ಬಣ್ಣ ಹೋಗಿ ಬೆಳ್ಳಗಾಗುತ್ತದೆ, ಅಂದರೆ ಅಲ್ಯೂಮಿನಿಯಂ ಮೇಲೆ ತಾಮ್ರದ ಲೇಪ. ಪತ್ತಿಯನ್ನು ಎರಡು ಬೆರಳಲ್ಲೇ ಬಗ್ಗಿಸಬಹುದು. ಇದಕ್ಕೆ 350 ರೂಪಾಯಿ! ಅಂಗಡಿಯವರನ್ನು ಕೇಳಿದರೆ, "ಟಿವಿ, ಮೊಬೈಲ್‌ಗೆ ಏನೂ ಆಗಲ್ಲ ಸಾರ್" ಅಂದರು. ಹಾಗಾದರೆ 16 ಅಂತ ಯಾಕೆ ಬರೆಯಬೇಕು? 2 ಅಂತ ಬರೆದು ನೂರು ರೂಪಾಯಿಗೆ ಮಾರಿ, ನಾನೇ ಎರಡು ತಗೊಳ್ಳುತ್ತೇನೆ.

ತಂತಿ ಬಿಸಿಯಾಗುವುದು ಕರೆಂಟಿನ ವರ್ಗಕ್ಕೆ, ಅಂದರೆ ಕರೆಂಟನ್ನು ಅದರಿಂದಲೇ ಗುಣಿಸಿದ್ದಕ್ಕೆ ತಕ್ಕಂತೆ. ಆಂಪಿಯರ್ ದುಪ್ಪಟ್ಟಾದರೆ ಶಾಖ ನಾಲ್ಕು ಪಟ್ಟು. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 147 ಕಿಲೋಮೀಟರ್ ಲೈನ್ ಎಳೆದರಲ್ಲ, ಅಲ್ಲೂ ಇದೇ ತಲೆನೋವು. ಅದಕ್ಕೇ ವೋಲ್ಟೇಜ್ ಸಾವಿರಗಟ್ಟಲೆ ಏರಿಸಿದರು. ವೋಲ್ಟೇಜ್ ಹತ್ತು ಪಟ್ಟಾದರೆ ಅಷ್ಟೇ ವಿದ್ಯುತ್ತಿಗೆ ಕರೆಂಟ್ ಹತ್ತರಲ್ಲೊಂದು ಭಾಗ ಸಾಕು, ದಾರಿಯಲ್ಲಿ ಪೋಲಾಗುವ ಶಾಖ ನೂರರಲ್ಲೊಂದು. ಬೆಂಗಳೂರಿನ ಬೀದಿಗೆ ದೀಪ ಬಂದಿದ್ದು ಆಮೇಲೆ, 1905ರಲ್ಲಿ. ಚಿನ್ನ ಮೊದಲು, ಜನ ಆಮೇಲೆ.

ಹಾಂ, ಯೂನಿಟ್ಟು. ಗೃಹಜ್ಯೋತಿ ಬಂದ ಮೇಲೆ ಎಲ್ಲರ ಬಾಯಲ್ಲೂ 200 ಯೂನಿಟ್. ಸಾವಿರ ವ್ಯಾಟ್ ಒಂದು ಗಂಟೆ ಉರಿದರೆ ಒಂದು ಯೂನಿಟ್. ಈ ಕೆಟಲ್ ನಲವತ್ತು ನಿಮಿಷ ಓಡಿದರೆ ಒಂದು. ಬಿಲ್ಲಿಗೆ ಲೆಕ್ಕ ಯೂನಿಟ್ಟೇ, ಆದರೆ ಮನೆ ಸುಡುವುದು ಆಂಪಿಯರ್. ಅದನ್ನು ಮಾತ್ರ ಯಾರೂ ಕೇಳುವುದಿಲ್ಲ.

ಮುಂದಿನ ಶಾಟ್‌ನಲ್ಲಿ ನಾನೇ ಕಟ್ಟಿದ ಬಾಕ್ಸ್. ಒಂದೂವರೆ ಸ್ಕ್ವೇರ್ ಎಂಎಂ ದಪ್ಪದ ತಾಮ್ರದ ತಂತಿ, ಗಟ್ಟಿ ಸಾಕೆಟ್. ಗೋಡೆಯಲ್ಲಿ 228, ಇಲ್ಲಿ 227. ಮುಟ್ಟಿದರೆ ತಣ್ಣಗಿದೆ. ಸಾಮಾನಿಗೇ ಆ 350 ದಾಟಿತು, ಅದೊಂದು ಹೊಟ್ಟೆಯುರಿ.

ಹಳೆಯದನ್ನು ಮೊಬೈಲ್ ಚಾರ್ಜರ್‌ಗೆ ಇಟ್ಟುಕೊಳ್ಳೋಣ ಅಂತಿದ್ದೆ. ಬೇಡ ಬಿಡಿ. ತಮ್ಮ ನಾಳೆ ಇದಕ್ಕೇ ಇಸ್ತ್ರಿಪೆಟ್ಟಿಗೆ ಹಾಕುತ್ತಾನೆ. ತಂತಿ ಕತ್ತರಿಸಿಬಿಟ್ಟೆ.