ಕೈಗೆ ಚಪ್ಪಲಿ

ನಮಸ್ಕಾರ. ಮೈಸೂರು, ಬೆಳಿಗ್ಗೆ 6 ಗಂಟೆ. ಈಜುಕೊಳದ ನೀರಿನ ಮೇಲೆ ಹಬೆ ಕಾಣುತ್ತಿದೆಯಲ್ಲ, ಅದು ನೋಡೋಕೆ ಮಾತ್ರ ಚಂದ. ಇಳಿದರೆ ಹಲ್ಲು ಕಟಕಟ.

ನನ್ನ ಕೈಯಲ್ಲಿರುವ ಈ ಹಳದಿ ಪ್ಲಾಸ್ಟಿಕ್ ಹಲಗೆಗಳೇ ಈಜು ಅಭ್ಯಾಸಕ್ಕೆ ಅಂಗೈಗೆ ಕಟ್ಟಿಕೊಳ್ಳೋ ಹ್ಯಾಂಡ್ ಪ್ಯಾಡಲ್. ದಿನಾ ಇಲ್ಲಿಗೆ ಬರುವ ತಾತ ಒಬ್ಬರಿದ್ದಾರೆ. ಮೊದಲ ದಿನ ಇದನ್ನು ನೋಡಿ, "ಏನಪ್ಪಾ, ಚಪ್ಪಲೀನ ಕೈಗೆ ಹಾಕ್ಕೊಂಡಿದ್ದೀಯ?" ಅಂದರು. ಅವತ್ತಿನಿಂದ ಇದಕ್ಕೆ ಅದೇ ಹೆಸರು.

ನಾನು ಈಜು ಕಲಿತದ್ದು ಮಂಡ್ಯದ ಹತ್ತಿರ, ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯಲ್ಲಿ. ಈಗ ಯಾರಾದರೂ ನಾಲೆಗೆ ಇಳಿಯುತ್ತೇನೆ ಅಂದರೆ ನಾನೇ ಬೈಯುತ್ತೇನೆ, ಅದು ಬೇರೆ. ತಲೆ ಮೇಲೆತ್ತಿ, ಕೈ ಬಡಿದು, ಹೇಗೋ ದಡ ಸೇರಿದರೆ ಈಜು ಬಂತು ಅಂತ ಲೆಕ್ಕ. ಈಜು, ಸೈಕಲ್, ಓಟ ಮೂರೂ ಒಂದರ ಹಿಂದೊಂದು ಇರುವ ಟ್ರಯಥ್ಲಾನ್ ರೇಸಿಗೆ ಆ ಲೆಕ್ಕ ಸಾಲದು. ಅದರಲ್ಲಿ ಹಾಫ್ ಐರನ್‌ಮ್ಯಾನ್ ದೂರ ಅಂದರೆ 1.9 ಕಿ.ಮೀ. ಈಜು, 90 ಕಿ.ಮೀ. ಸೈಕಲ್, ಆಮೇಲೆ 21.1 ಕಿ.ಮೀ. ಓಟ. ನೀರಲ್ಲೇ ಸುಸ್ತಾದರೆ ಸೈಕಲ್ ಹತ್ತೋದು ಯಾರು?

ಹಾಗಾಗಿ ಕಳೆದ ವರ್ಷ ಆನ್‌ಲೈನಲ್ಲಿ ಪ್ಯಾಡಲ್ ತರಿಸಿದೆ. ಇದ್ದದ್ದರಲ್ಲೇ ದೊಡ್ಡದು! ದೊಡ್ಡದಿದ್ದರೆ ಶಕ್ತಿ ಜಾಸ್ತಿ ಬರುತ್ತದೆ ಅಂದುಕೊಂಡಿದ್ದೆ. ಒಂದೇ ಸಲಕ್ಕೆ 1,000 ಮೀಟರ್ ಎಳೆದೆ. ಮಾರನೇ ದಿನ ಮೇಲಿನ ಶೆಲ್ಫಿಂದ ಕಾಫಿಪುಡಿ ಡಬ್ಬ ತೆಗೆಯೋಕೆ ಎಡಗೈ ಏಳಲೇ ಇಲ್ಲ. ಮೂರು ವಾರ ನೀರಿಗೆ ಇಳಿಯಲಿಲ್ಲ. ತಪ್ಪು ಪೂರ್ತಿ ನನ್ನದೇ.

ಅಂಗೈಗಿಂತ ಪ್ಯಾಡಲ್ ಅಗಲ. ನೀರು ಜಾಸ್ತಿ ಸಿಗುತ್ತದೆ, ನಿಜ. ಆದರೆ ಆ ನೀರಿನ ಭಾರವನ್ನು ಭುಜದ ಸಣ್ಣ ಸ್ನಾಯುಗಳೂ ಹೊರಬೇಕು. ಕೈ ತಪ್ಪಾಗಿ ಇಳಿದರೆ ಆ ತಪ್ಪಿಗೂ ಅಷ್ಟೇ ಭಾರ ಬೀಳುತ್ತದೆ. ಅದಕ್ಕೇ ಈಗಿನ ಜೋಡಿ ನನ್ನ ಅಂಗೈಗಿಂತ ಒಂದು ಚೂರು ದೊಡ್ಡದು, ಅಷ್ಟೇ.

ಈ ಶಾಟ್ ನೋಡಿ. ಮಣಿಕಟ್ಟಿನ ಪಟ್ಟಿ ಬಿಚ್ಚಿಬಿಟ್ಟಿದ್ದೇನೆ. ನಡುಬೆರಳಿನ ರಬ್ಬರ್ ಒಂದೇ ಉಳಿದಿದೆ. ಹೇಳಿಕೊಟ್ಟದ್ದು ನಮ್ಮ ಕೋಚ್ ಸರ್. "ಪಟ್ಟಿ ಇದ್ರೆ ತಪ್ಪು ಮುಚ್ಚಿಹೋಗುತ್ತೆ ಕಣಯ್ಯಾ, ಬಿಚ್ಚಾಕು" ಅಂದರು. ಬಿಚ್ಚಿ ನಾಲ್ಕು ಸಲ ಕೈ ಹಾಕಿದೆನೋ ಇಲ್ಲವೋ, ಎಡಗೈಯದು ಕಳಚಿಕೊಂಡಿತು. ಬಲಗೈಯದು ಅಲುಗಲಿಲ್ಲ.

ಯಾಕೆ ಅಂತ ನೀರೊಳಗಿನ ವಿಡಿಯೋದಲ್ಲಿ ಗೊತ್ತಾಯಿತು. ಎಡಗೈ ಹೆಬ್ಬೆರಳು ಮುಂದಾಗಿ ಇಳಿಯುತ್ತಿತ್ತು, ತಲೆಯ ಮುಂದೆ ಹಾದು ಬಲಗಡೆಗೆ ದಾಟುತ್ತಿತ್ತು. ಭುಜ ಒಳಕ್ಕೆ ತಿರುಚಿಕೊಳ್ಳೋದೂ ಅಲ್ಲೇ. ಬೆರಳ ತುದಿಗಳು ಮೊದಲು, ಭುಜದ ನೇರಕ್ಕೆ ಇಳಿಯಬೇಕು. ಆಮೇಲೆ ಮೊಣಕೈ ಮೇಲೆಯೇ ಇರಬೇಕು, ಅಂಗೈ ಹಿಂದಕ್ಕೆ ನೋಡಬೇಕು. ನಾನು ನೀರನ್ನು ಕೆಳಕ್ಕೆ ಒತ್ತುತ್ತಿದ್ದೆ. ಒತ್ತಿದರೆ ಮೈ ಮೇಲೇಳುತ್ತದೆ, ಮುಂದೆ ಹೋಗೋದಿಲ್ಲ. ಇಷ್ಟು ದಿನ ಹೊಳೆಯಲ್ಲಿ ಹುಣಸೆಹಣ್ಣು ಹಿಂಡಿದ್ದೇ ಆಯಿತು.

ಈಗ ಒಟ್ಟು 2,000 ಮೀಟರ್ ಈಜಿದರೆ ಪ್ಯಾಡಲ್ 400 ಮೀಟರ್ ಮಾತ್ರ. ಹೊಸಬರಿಗೆ ಅದೂ ಜಾಸ್ತಿ, 100 ಮೀಟರಿನಿಂದ ಶುರು ಮಾಡಿ. ಒಂದು 50 ಮೀಟರ್ ಪ್ಯಾಡಲ್ ಹಾಕಿ, ಮುಂದಿನ 50 ಬರಿಗೈಯಲ್ಲಿ. ಆ 50 ಮೀಟರಿಗೆ ನನಗೆ ಬರಿಗೈಯಲ್ಲಿ 54 ಸ್ಟ್ರೋಕ್, ಅಂದರೆ 54 ಸಲ ಕೈ ಹಾಕೋದು, ಬೇಕಿತ್ತು, ಪ್ಯಾಡಲ್‌ನಲ್ಲಿ 46. ಮಜಾ ಇರೋದು ಬಿಚ್ಚಿದ ತಕ್ಷಣ. ಕೈ ಇದ್ದಕ್ಕಿದ್ದಂತೆ ಚಿಕ್ಕದಾದ ಹಾಗೆ ಅನಿಸುತ್ತದೆ, ಆದರೂ 50 ಸ್ಟ್ರೋಕಿಗೇ ಗೋಡೆ ಮುಟ್ಟುತ್ತೇನೆ. ಆ ನಾಲ್ಕು ಸ್ಟ್ರೋಕಿಗೋಸ್ಕರವೇ ಇಷ್ಟೆಲ್ಲ ಸರ್ಕಸ್. ರೇಸಲ್ಲಿ ಪ್ಯಾಡಲ್ ಹಾಕೋಕೆ ಬಿಡೋದಿಲ್ಲ, ಅಲ್ವಾ?

ಕಾಲಿನ ಮಧ್ಯೆ ಪುಲ್ ಬಾಯ್ ಅನ್ನೋ ತೇಲುವ ಫೋಮ್ ತುಂಡು ಸಿಕ್ಕಿಸಿಕೊಂಡರೆ ಇನ್ನೂ ಸುಖ. ಸೊಂಟ ತಾನಾಗಿ ತೇಲುತ್ತದೆ. ಆ ಸುಖ ನನಗೆ ಅಭ್ಯಾಸವಾಗಿಬಿಡುತ್ತದೆ ಅಂತಲೇ ಎರಡನ್ನೂ ಒಟ್ಟಿಗೆ ಹಾಕೋದು ಕಡಿಮೆ. ದುಡ್ಡು ಖರ್ಚು ಮಾಡೋಕೆ ಇಷ್ಟವಿಲ್ಲದಿದ್ದರೆ ಸುಮ್ನೆ ಮುಷ್ಟಿ ಕಟ್ಟಿ ಈಜಿ ನೋಡಿ. ಮೊಣಕೈಯಿಂದ ಕೆಳಗಿನ ಕೈಯೆಲ್ಲ ನೀರು ಹಿಡಿಯೋಕೆ ಕಲಿಯುತ್ತದೆ.

ಇದು ಇವತ್ತು ಪ್ಯಾಡಲ್ ಹಾಕಿದ ಆರನೇ 50. ಸುಸ್ತಾಗಿದೆ, ಎಡಗೈ ಮತ್ತೆ ಬಲಕ್ಕೆ ದಾಟುತ್ತಿದೆ, ನೋಡಿ. ಹೋಯಿತು! ಪ್ಯಾಡಲ್ ಪಕ್ಕದ ಲೇನಿಗೆ ತೇಲಿತು. ತಾತ ಅದನ್ನು ಹಿಡಿದು ನನ್ನ ಕಡೆ ಚಾಚಿದರು.

"ತಗೋಪ್ಪಾ. ಎಡಗಾಲಿಂದು."