ದಂಡೆಯ ಮೇಲೊಂದು ಅಳತೆಯ ಕಂಬ

ಕೇಳುಗರಿಗೆ ನಮಸ್ಕಾರ. ಜಪಾನಿನ ಸುವಾ ಸರೋವರದ ನೀರು ಚಳಿಗಾಲದಲ್ಲಿ ಯಾವ ದಿನ ಹೆಪ್ಪುಗಟ್ಟಿತು ಎಂಬುದನ್ನು ಅಲ್ಲಿನ ಶಿಂಟೋ ದೇಗುಲದ ಅರ್ಚಕರು 1443ರಿಂದ ಬರೆದಿಡುತ್ತ ಬಂದಿದ್ದಾರೆ. ವಿಜ್ಞಾನಕ್ಕೆ ನೆರವಾಗಲೆಂದು ಶುರುವಾದ ಕೆಲಸವಲ್ಲ ಅದು. ಮಂಜುಗಡ್ಡೆ ಬಿರಿದು ಏಳುವ ದಿಣ್ಣೆಯನ್ನು ದೇವರು ನಡೆದುಹೋದ ಹಾದಿಯೆಂದು ನಂಬಿ ಬರೆದದ್ದು. ಆದರೂ ನೀರು ಹೆಪ್ಪುಗಟ್ಟದ ಚಳಿಗಾಲಗಳು ಹಿಂದೆ ಅಪರೂಪವಾಗಿದ್ದವು, ಈಚಿನ ದಶಕಗಳಲ್ಲಿ ಮತ್ತೆ ಮತ್ತೆ ಬರುತ್ತಿವೆ ಎಂಬ ಸಂಗತಿ ಇಂದು ನಮಗೆ ಗೊತ್ತಾಗುವುದು ಆ ಕಡತಗಳಿಂದಲೇ.

ಸರೋವರದ ದಂಡೆಯ ಸಣ್ಣ ಊರೊಂದು ಹವಾಮಾನ ಬದಲಾವಣೆಗೆ ಸಿದ್ಧವಾಗಬೇಕಾದರೆ ತಡೆಗೋಡೆಗಿಂತ ಮೊದಲು ಬೇಕಾದದ್ದು ಇಂಥದೊಂದು ದಾಖಲೆ ಪುಸ್ತಕ ಎಂಬುದು ನನ್ನ ಅಭಿಪ್ರಾಯ. ಅದಕ್ಕೆ ಬೇಕಾಗುವ ಸಾಮಗ್ರಿ ಅಲ್ಪ: ಸೆಂಟಿಮೀಟರ್ ಗುರುತುಗಳಿರುವ ಒಂದು ಕಂಬ, ದಾರಕ್ಕೆ ಕಟ್ಟಿ ಇಳಿಬಿಡುವ ಉಷ್ಣಮಾಪಕ, ಮತ್ತು ಒಂದು ತಟ್ಟೆ. ಇಟಲಿಯ ಖಗೋಳ ವಿಜ್ಞಾನಿ ಆಂಜೆಲೊ ಸೆಕ್ಕಿ 1865ರಲ್ಲಿ ಬಳಕೆಗೆ ತಂದ ಈ ತಟ್ಟೆಗೆ ಈಗ ಸಾಮಾನ್ಯವಾಗಿ ಕಪ್ಪು ಬಿಳುಪು ಬಣ್ಣ ಬಳಿದಿರುತ್ತಾರೆ. ಅಳತೆಯ ಹಗ್ಗಕ್ಕೆ ಕಟ್ಟಿ ದೋಣಿಯ ನೆರಳಿನ ಬದಿಯಿಂದ ಮೆಲ್ಲನೆ ಇಳಿಸಿ, ತಟ್ಟೆ ಕಣ್ಮರೆಯಾದ ಆಳವನ್ನೂ ಎಳೆಯುವಾಗ ಮತ್ತೆ ಕಂಡ ಆಳವನ್ನೂ ಬರೆದುಕೊಂಡು ಸರಾಸರಿ ತೆಗೆದರೆ ನೀರು ಎಷ್ಟು ತಿಳಿಯಾಗಿದೆ ಎಂಬುದು ತಿಳಿಯುತ್ತದೆ. ಹಿರಿಯರೊಬ್ಬರು ಜೊತೆಗಿದ್ದರೆ ಶಾಲೆಯ ಮಕ್ಕಳೂ ಇದನ್ನು ಮಾಡಬಲ್ಲರು. ದೊಡ್ಡವರಿಗಿಂತ ತಪ್ಪದೆ ಮಾಡಿಯಾರು.

ತಿಳಿನೀರಿಗೆ ಇಷ್ಟು ಮಹತ್ವವೇಕೆ? ನೀರಿನ ತಿಳಿ ಕೆಡುವುದು ಪಾಚಿ ಹೆಚ್ಚುತ್ತಿರುವುದರ ಸುಳಿವಾಗಿರಬಹುದು, ಬಿಸಿ ಪಾಚಿಗೆ ದಾರಿ ಮಾಡಿಕೊಡುತ್ತದೆ. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗಿರಬಲ್ಲ ಆಮ್ಲಜನಕ ಕಡಿಮೆ: 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಇದ್ದರೆ, 30 ಡಿಗ್ರಿಯಲ್ಲಿ ಏಳೂವರೆ ಮಾತ್ರ. ಸಾಲದೆಂಬಂತೆ, ಮೇಲಿನ ಬಿಸಿನೀರು ಹಗುರವಾಗಿ ಕೆಳಗಿನ ತಣ್ಣೀರಿನೊಡನೆ ಬೆರೆಯದೆ ತೇಲುತ್ತದೆ. ಗಾಳಿ ಕಾಣದ ತಳದಲ್ಲಿ ಆಮ್ಲಜನಕ ಮುಗಿದಾಗ, ಕೆಸರಿನಲ್ಲಿ ಕಬ್ಬಿಣಕ್ಕೆ ಅಂಟಿಕೊಂಡಿದ್ದ ರಂಜಕ ಬಿಡಿಸಿಕೊಂಡು ನೀರಿಗೆ ಸೇರಿ ನೀಲಿಹಸಿರು ಪಾಚಿಗೆ ಉಣಿಸಾಗುತ್ತದೆ. 2014ರ ಆಗಸ್ಟ್‌ನಲ್ಲಿ ಅಮೆರಿಕದ ಈರಿ ಸರೋವರದಲ್ಲಿ ಬೆಳೆದ ಇಂಥ ಪಾಚಿಯ ವಿಷ ಟೊಲಿಡೊ ನಗರದ ನಲ್ಲಿಗಳವರೆಗೂ ಬಂದು, ನಾಲ್ಕು ಲಕ್ಷಕ್ಕೂ ಹೆಚ್ಚು ಜನ ಆ ನೀರನ್ನು ಕುಡಿಯಬಾರದೆಂದು ಎಚ್ಚರಿಸಬೇಕಾಯಿತು. ಕುದಿಸಿದರೆ ಎಲ್ಲ ಸರಿಹೋಗುತ್ತದೆ ಎಂಬ ನಂಬಿಕೆ ಇಲ್ಲಿ ಕೈಕೊಡುತ್ತದೆ. ಆ ವಿಷ ಕುದಿತಕ್ಕೆ ಅಳಿಯುವುದಿಲ್ಲ. ಆದ್ದರಿಂದ ಸರೋವರದ ನೀರನ್ನೇ ಕುಡಿಯುವ ಊರು, ಬೇರೆ ಮೂಲವೊಂದನ್ನು ನೀರು ಕೆಡುವ ಮುಂಚೆಯೇ ಗೊತ್ತುಮಾಡಿಕೊಂಡಿರಬೇಕು.

ಬಿಸಿಲನ್ನು ಯಾವ ಊರೂ ತಡೆಯಲಾರದು, ಆದರೆ ಹೊಸದಾಗಿ ಬರುವ ರಂಜಕವನ್ನು ತಡೆಯಬಹುದು. ಶೌಚದ ಗುಂಡಿಗಳ ದುರಸ್ತಿ, ಮಳೆಯ ಮುನ್ನಾದಿನ ಹೊಲಕ್ಕೆ ಗೊಬ್ಬರ ಚೆಲ್ಲದಿರುವ ಎಚ್ಚರ, ದಂಡೆಯ ಜೊಂಡುಹುಲ್ಲನ್ನು ಕೀಳದೆ ಬಿಡುವ ತಾಳ್ಮೆ, ಇವೆಲ್ಲ ಊರಿನ ಅಳವಿನವೇ. ನೀರಿನ ಅಂಚಿನವರೆಗೂ ಹುಲ್ಲುಹಾಸು ಬೆಳೆಸುವ ಅಂದದ ಗೀಳು ಮಾತ್ರ ನನಗೆ ಎಂದೂ ಅರ್ಥವಾಗಿಲ್ಲ.

ಇನ್ನು ಮಳೆ. ಗಾಳಿಯ ಉಷ್ಣಾಂಶ ಒಂದು ಡಿಗ್ರಿ ಏರಿದರೆ ಅದು ಹಿಡಿದಿಡಬಲ್ಲ ತೇವಾಂಶ ಸುಮಾರು ಶೇಕಡಾ 7ರಷ್ಟು ಹೆಚ್ಚುತ್ತದೆ. ಹಾಗಾಗಿ ಸುರಿಯುವಾಗ ಒಮ್ಮೆಲೇ ಸುರಿಯುತ್ತದೆ. ಹಳೆಯ ಲೆಕ್ಕಕ್ಕೆ ಕಟ್ಟಿದ ಮೋರಿಗಳೂ ಕೋಡಿಯೂ ಅದಕ್ಕೆ ಸಾಲದೆ ಹೋಗಬಹುದು. ಬರಗಾಲದಲ್ಲಿ ತೊಂದರೆ ತಿರುವುಮುರುವು: ನೀರೆತ್ತುವ ಕೊಳವೆಯ ಬಾಯಿ ಗಾಳಿಗೆ ತೆರೆದುಕೊಳ್ಳುತ್ತದೆ.

ಅದಕ್ಕೇ ಆ ಕಂಬದ ಮೇಲೆ ಎರಡು ಕೆಂಪು ಗೆರೆಗಳಿರಲಿ. ನೀರು ಮೇಲಿನ ಗೆರೆ ಮುಟ್ಟಿದರೆ ತಗ್ಗಿನ ಮನೆಗಳವರು ಹೊರಡುವುದು, ಕೆಳಗಿನ ಗೆರೆಗೆ ಇಳಿದರೆ ತೋಟಗಳಿಗೆ ನೀರು ನಿಲ್ಲಿಸುವುದು ಎಂದು ಊರಿನ ಸಭೆ ಮೊದಲೇ ತೀರ್ಮಾನಿಸಿ ಬರೆದಿಡಲಿ. ನಡುರಾತ್ರಿ ಹೊರಗಾಲುವೆಯ ಬಾಗಿಲು ತೆರೆಯುವವರು ಯಾರು, ಅವರು ಊರಲ್ಲಿಲ್ಲದಿದ್ದರೆ ಬೀಗದ ಕೈ ಯಾರ ಮನೆಯಲ್ಲಿರುತ್ತದೆ ಎಂಬುದೂ ಅದೇ ಹಾಳೆಯಲ್ಲಿರಲಿ. ನಮಸ್ಕಾರ.