ಕಾನೂನು ಮಾಡಿದವರು, ಕಾನೂನಿಗೆ ಒಳಗಾದವರು

ಅಮೆರಿಕದ ಪ್ರಜಾಪ್ರಭುತ್ವದ ಹುಟ್ಟನ್ನು ವಿವರಿಸುವ ಪುಸ್ತಕಗಳು 1619ರ ಜುಲೈ 30ನ್ನು ತಪ್ಪದೆ ನೆನೆಯುತ್ತವೆ. ವರ್ಜೀನಿಯಾದ ಜೇಮ್ಸ್‌ಟೌನ್‌ನಲ್ಲಿ, ಮರದಿಂದ ಕಟ್ಟಿದ ಚರ್ಚಿನೊಳಗೆ, ಇಂಗ್ಲಿಷ್ ವಲಸಿಗರು ಆರಿಸಿದ ಪ್ರತಿನಿಧಿಗಳು ಅಂದು ಗವರ್ನರ್ ಜಾರ್ಜ್ ಯಾರ್ಡ್ಲಿಯವರೊಡನೆ ವಸಾಹತಿನ ಮೊದಲ ಶಾಸನಸಭೆಯಾಗಿ ಸೇರಿದರು. ಆ ಸಭೆಯ ಬಗ್ಗೆ ನನಗೆ ಗೌರವವಿದೆ. ಆದರೆ ಅದನ್ನು ಸ್ವಾತಂತ್ರ್ಯಪ್ರಿಯ ಇಂಗ್ಲಿಷರ ಕೊಡುಗೆ ಎಂದಷ್ಟೇ ಹೇಳಿ ಮುಗಿಸುವುದನ್ನು ನಾನು ಒಪ್ಪುವುದಿಲ್ಲ.

ಸಭೆಗೆ ಅನುಮತಿ ಕೊಟ್ಟದ್ದು ಲಂಡನ್ನಿನ ಒಂದು ವ್ಯಾಪಾರಿ ಕಂಪನಿ. 1607ರಲ್ಲಿ ಆರಂಭವಾದ ಈ ವಸಾಹತಿನ ಬಹುಪಾಲು ಜನರು 1609-10ರ ಚಳಿಗಾಲದಲ್ಲಿ ಹಸಿವು ಮತ್ತು ರೋಗಕ್ಕೆ ಬಲಿಯಾಗಿದ್ದರು. ಆಮೇಲೆ ಉಳಿದವರನ್ನು ಸೈನಿಕ ಶಿಸ್ತಿನ ಕಠೋರ ಕಟ್ಟಳೆಗಳಡಿ ಇಡಲಾಗಿತ್ತು. ತಂಬಾಕು ಕೈಹಿಡಿದ ಮೇಲೆ ದುಡಿಯುವ ಜನ ಬೇಕಾದರು, ಆದರೆ ಇಂಥ ಊರಿಗೆ ಬರುವವರಾರು? ಆದ್ದರಿಂದ ಕಂಪನಿಯು 1618ರಲ್ಲಿ ಎರಡು ಆಶ್ವಾಸನೆಗಳನ್ನು ನೀಡಿತು: ಒಬ್ಬ ವಲಸಿಗನ ಹಡಗಿನ ಖರ್ಚು ಭರಿಸಿದವನಿಗೆ 50 ಎಕರೆ ನೆಲ, ಮತ್ತು ಕಾನೂನು ಮಾಡುವುದರಲ್ಲಿ ವಲಸಿಗರಿಗೆ ಪಾಲು. ಆ ನೆಲ ಅಲ್ಲಿನ ಮೂಲನಿವಾಸಿಗಳಾದ ಪೌಹಾಟನ್ ಜನರದು. ಹೀಗೆ ನೆಲ, ದುಡಿಮೆ ಮತ್ತು ಪ್ರಾತಿನಿಧ್ಯ ಮೂರೂ ಒಂದೇ ಏರ್ಪಾಡಿನೊಳಗೆ ಬಂದವು ಎಂಬುದನ್ನು ಮರೆತರೆ ಮುಂದಿನ ಯಾವುದೂ ಅರ್ಥವಾಗುವುದಿಲ್ಲ.

ಆ ಮೊದಲ ಸಭೆಯ ಒಂದು ಪ್ರಸಂಗವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಹನ್ನೊಂದು ನೆಲೆಗಳಿಂದ ತಲಾ ಇಬ್ಬರಂತೆ 22 ಪ್ರತಿನಿಧಿಗಳು ಬಂದಿದ್ದರು. ಅವರಲ್ಲಿ ಇಬ್ಬರನ್ನು ಕಳುಹಿಸಿದ್ದ ಜಾನ್ ಮಾರ್ಟಿನ್ ಎಂಬ ಜಮೀನುದಾರನ ಸನ್ನದಿನಲ್ಲಿ, ವಸಾಹತಿನ ಕಾನೂನುಗಳಿಂದ ಅವನಿಗೆ ವಿನಾಯಿತಿ ಕೊಡುವ ಮಾತಿತ್ತು. ಆ ವಿನಾಯಿತಿಯನ್ನು ಬಿಟ್ಟುಕೊಡು ಎಂದು ಸಭೆ ಕೇಳಿತು, ಅವನು ಒಪ್ಪಲಿಲ್ಲ, ಅವನ ಪ್ರತಿನಿಧಿಗಳಿಗೆ ಸಭೆಯಲ್ಲಿ ಸ್ಥಾನ ಸಿಗಲಿಲ್ಲ. ಕಾನೂನಿಗೆ ಒಳಪಡದವನಿಗೆ ಕಾನೂನು ಮಾಡುವ ಅಧಿಕಾರವಿಲ್ಲ ಎಂಬ ಈ ನಿಲುವು, ನನ್ನ ಮಟ್ಟಿಗೆ, ಆ ಸಭೆಯ ಅತ್ಯುತ್ತಮ ಕೆಲಸ.

ಹಾಗಾದರೆ ಕಾನೂನಿಗೆ ಒಳಪಟ್ಟವರಿಗೆಲ್ಲ ಅದನ್ನು ಮಾಡುವಲ್ಲಿ ಪಾಲಿರಬೇಕಲ್ಲವೇ? ಈ ಪ್ರಶ್ನೆಯನ್ನು ಶಾಸನಸಭೆ ತನಗೆ ಅನುಕೂಲವಾದಾಗ ಮಾತ್ರ ಎತ್ತಿತು. ಅದೇ 1619ರ ಆಗಸ್ಟ್ ಕೊನೆಯಲ್ಲಿ, ಅಂಗೋಲಾದಿಂದ ಸೆರೆಹಿಡಿದು ತಂದಿದ್ದ ಇಪ್ಪತ್ತಕ್ಕೂ ಹೆಚ್ಚು ಆಫ್ರಿಕನ್ನರನ್ನು ವರ್ಜೀನಿಯಾ ಕರಾವಳಿಯ ಪಾಯಿಂಟ್ ಕಂಫರ್ಟ್‌ನಲ್ಲಿ ಆಹಾರಸಾಮಗ್ರಿಗೆ ಬದಲಾಗಿ ಮಾರಲಾಯಿತು. 1662ರಲ್ಲಿ ಇದೇ ಶಾಸನಸಭೆ, ಮಗು ಸ್ವತಂತ್ರವೋ ಗುಲಾಮವೋ ಎಂಬುದನ್ನು ತಾಯಿಯ ಸ್ಥಿತಿಯೇ ನಿರ್ಧರಿಸುತ್ತದೆ ಎಂಬ ಕಾನೂನು ಮಾಡಿತು. ಮಗುವಿಗೆ ತಂದೆಯ ಸ್ಥಾನಮಾನವೇ ಸಲ್ಲುತ್ತದೆ ಎಂಬ ಇಂಗ್ಲೆಂಡಿನ ವಾಡಿಕೆಯನ್ನು ಬದಿಗೊತ್ತಿ ಮಾಡಿದ ಈ ಕಾನೂನಿನಿಂದ, ಗುಲಾಮಳೊಬ್ಬಳಿಗೆ ಅವಳ ಒಡೆಯನಿಂದಲೇ ಹುಟ್ಟಿದ ಮಗು ಕೂಡ ಆ ಒಡೆಯನ ಆಸ್ತಿಯಾಯಿತು. ಇದನ್ನು ಮಾಡಿದ್ದು ಯಾವ ನಿರಂಕುಶ ರಾಜನೂ ಅಲ್ಲ, ಚುನಾಯಿತ ಪ್ರತಿನಿಧಿಗಳು. 1670ರಲ್ಲಿ ನೆಲವಾಗಲಿ ಮನೆಯಾಗಲಿ ಇಲ್ಲದ ಬಿಳಿಯರ ಮತವನ್ನೂ ಅವರು ಕಿತ್ತುಕೊಂಡರು.

1765ರಲ್ಲಿ, ಜನರು ಆರಿಸಿದವರಿಗೆ ಮಾತ್ರವೇ ಅವರ ಮೇಲೆ ತೆರಿಗೆ ಹಾಕುವ ಹಕ್ಕುಂಟು ಎಂದು ಬ್ರಿಟಿಷ್ ಸಂಸತ್ತಿನ ವಿರುದ್ಧ ನಿರ್ಣಯ ಮಾಡಿದ್ದೂ ಇದೇ ಸಭೆ. ಆ ವಾದ ನ್ಯಾಯವಾದದ್ದೇ. ಹಾಗೆ ವಾದಿಸಿದವರ ಹೊಲಗಳಲ್ಲಿ ಗುಲಾಮರು ದುಡಿಯುತ್ತಿದ್ದರು. ಆದ್ದರಿಂದ ತರಗತಿಯಲ್ಲಿ ಈ ಸಭೆಯ ಕಥೆ ಹೇಳುವವರು 1662ರ ಕಾನೂನನ್ನು ‘ಗುಲಾಮಗಿರಿ’ ಎಂಬ ಬೇರೆ ಅಧ್ಯಾಯಕ್ಕೆ ಸರಿಸದೆ, ‘ಪ್ರಜಾಪ್ರಭುತ್ವದ ಬೆಳವಣಿಗೆ’ ಎಂಬ ಅಧ್ಯಾಯದಲ್ಲಿಯೇ ಓದಿಸಬೇಕೆಂದು ನಾನು ಒತ್ತಾಯಿಸುತ್ತೇನೆ. ಏಕೆಂದರೆ ಹೊರಗಿಡುವ ಆ ಕಸುಬು ಗುಲಾಮಗಿರಿಯೊಂದಿಗೆ ಮುಗಿಯಲಿಲ್ಲ. 1870ರ ಸಂವಿಧಾನ ತಿದ್ದುಪಡಿ ಕಪ್ಪು ಗಂಡಸರ ಮತಕ್ಕೆ ರಕ್ಷಣೆ ಕೊಟ್ಟ ಮೇಲೂ, ವರ್ಜೀನಿಯಾ ತನ್ನ 1902ರ ಸಂವಿಧಾನದಲ್ಲಿ ಮತದಾನಕ್ಕೆ ವರ್ಷಕ್ಕೆ ಒಂದೂವರೆ ಡಾಲರಿನ ತಲೆಗಂದಾಯವನ್ನು ಷರತ್ತಾಗಿ ಇಟ್ಟು ಅವರನ್ನೂ, ಬಡ ಬಿಳಿಯರನ್ನೂ ಮತಗಟ್ಟೆಯಿಂದ ದೂರವಿಟ್ಟಿತು. ರಾಜ್ಯದ ಚುನಾವಣೆಗಳಲ್ಲಿ ಆ ಷರತ್ತು ಬಿದ್ದುಹೋದದ್ದು 1966ರಲ್ಲಿ, ಅದೂ ಶಾಸನಸಭೆಯ ತೀರ್ಮಾನದಿಂದಲ್ಲ, ಸುಪ್ರೀಂ ಕೋರ್ಟಿನ ತೀರ್ಪಿನಿಂದ.